ಯುದ್ಧಕ್ಕಿಳಿದ ಸರ್ಕಾರ ನಮ್ಮ ಫೋನಿಗೆ ಬಂದಾಗ

(ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸಭೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2022ರ ಫೆಬ್ರವರಿ 25ರ ರಾತ್ರಿ ಬಂದ ಒಂದು ವಿಡಿಯೊದಿಂದ ಶುರು ಮಾಡುತ್ತೇನೆ. ನಿಮ್ಮಲ್ಲಿ ತುಂಬಾ ಜನ ಅದನ್ನು ನೋಡಿರುತ್ತೀರಿ. ರಷ್ಯಾದ ಸೇನೆ ಉಕ್ರೇನಿನ ಗಡಿ ದಾಟಿ ಅವತ್ತಿಗೆ ಎರಡನೇ ದಿನ. ಅಧ್ಯಕ್ಷ ವೊಲೊದಿಮಿರ್ ಜೆಲೆನ್‌ಸ್ಕಿ ರಾಜಧಾನಿ ಬಿಟ್ಟು ಓಡಿಹೋದರು ಅಂತ ಸುದ್ದಿ ಹಬ್ಬಿತ್ತು. ಆಗ ಅವರು ಕೀವ್ ನಗರದಲ್ಲಿ ತಮ್ಮ ಕಚೇರಿ ಇರುವ ಬಾಂಕೋವಾ ಬೀದಿಗೆ ಬಂದು, ಕತ್ತಲಲ್ಲಿ ನಿಂತು, ತಾವೇ ಫೋನು ಹಿಡಿದು ಸೆಲ್ಫಿ ವಿಡಿಯೊ ಮಾಡಿದರು. ಹಿಂದೆ ಪ್ರಧಾನಿ, ಪಕ್ಷದ ನಾಯಕ, ಇನ್ನಿಬ್ಬರು ಸಹಾಯಕರು. ಸುಮಾರು ಅರ್ಧ ನಿಮಿಷ. ಅದರಲ್ಲಿ ಭಾಷಣ ಏನೂ ಇಲ್ಲ. ಇವರು ಇಲ್ಲೇ ಇದ್ದಾರೆ, ಅವರು ಇಲ್ಲೇ ಇದ್ದಾರೆ, ಅಧ್ಯಕ್ಷ ಇಲ್ಲೇ ಇದ್ದಾನೆ, ನಾವೆಲ್ಲ ಇಲ್ಲೇ ಇದ್ದೀವಿ. ಅಷ್ಟೇ.

ಅದಕ್ಕೆ ಹಿಂದಿನ ದಿನ ಬೆಳಗಿನ ಜಾವ ರಷ್ಯಾದ ಅಧ್ಯಕ್ಷ ವ್ಲಾದಿಮಿರ್ ಪುಟಿನ್ ಟೀವಿಯಲ್ಲಿ ಕಾಣಿಸಿಕೊಂಡಿದ್ದರು. ದೊಡ್ಡ ಮೇಜು, ಟೈ, ಹಿಂದೆ ಬಾವುಟ. ಆ ಭಾಷಣವನ್ನು ಜನ ನೋಡಿದರು, ಮುಗಿಸಿದರು. ಜೆಲೆನ್‌ಸ್ಕಿ ವಿಡಿಯೊವನ್ನು ನೋಡಿದವರು ಕೂಡಲೇ ಇನ್ನೊಬ್ಬರಿಗೆ ಕಳಿಸಿದರು. ವ್ಯತ್ಯಾಸ ಇರೋದು ಇಲ್ಲೇ. ಟೀವಿಯ ಮುಂದೆ ಕೂತವನು ಬರೀ ಕೇಳುಗ. ಫೋನಿನಲ್ಲಿ ನೋಡಿದವನು ಕಳಿಸುವವನೂ ಹೌದು. ಸರ್ಕಾರದ ಮಾತನ್ನು ಹೊತ್ತು ಊರೂರು ತಿರುಗುವವನು ಅವನೇ.

ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಇದನ್ನೇ. ಯುದ್ಧದ ಹೊತ್ತಲ್ಲಿ ಸರ್ಕಾರಗಳು ಸುಳ್ಳು ಹೇಳುತ್ತವೆ ಅನ್ನೋದು ಹಳೆಯ ವಿಷಯ. ಸಾಮಾಜಿಕ ಜಾಲತಾಣ ಬಂದ ಮೇಲೆ ಆದ ಹೊಸ ಬದಲಾವಣೆ ಏನಂದರೆ, ಸರ್ಕಾರ ಪ್ರಜೆಯನ್ನು ಕೆಲಸಕ್ಕೆ ಹಚ್ಚುತ್ತದೆ. ಸುದ್ದಿ ಹಂಚುವ ಕೆಲಸ, ಬೇಹು ನೋಡುವ ಕೆಲಸ, ಶತ್ರುವನ್ನು ಹೀಯಾಳಿಸುವ ಕೆಲಸ, ಪಕ್ಕದ ಮನೆಯವನ ಮೇಲೆ ಕಣ್ಣಿಡುವ ಕೆಲಸ. ಸಂಬಳ ಇಲ್ಲ, ಸಮವಸ್ತ್ರ ಇಲ್ಲ, ರಕ್ಷಣೆಯೂ ಇಲ್ಲ. ಹೀಗೆ ಕೆಲಸಕ್ಕೆ ಇಳಿದ ಸಮಾಜ ಒಳಗೊಳಗೇ ಬದಲಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಾಳಿ ಮಾಡಿದ್ದು ರಷ್ಯಾ. ಅದರಲ್ಲಿ ನನಗೆ ಅನುಮಾನ ಇಲ್ಲ. ಹಾಗಿದ್ದರೂ ಉಕ್ರೇನಿನ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ. ದಾಳಿ ಮಾಡಿದವರ ಸುಳ್ಳನ್ನು ಗುರುತಿಸೋದು ಸುಲಭ. ನ್ಯಾಯ ತನ್ನ ಕಡೆ ಇದ್ದಾಗಲೂ ಒಂದು ಸರ್ಕಾರ ಏನೇನು ಮಾಡುತ್ತದೆ ಅನ್ನೋದನ್ನು ನೋಡೋದು ಕಷ್ಟ. ನಮಗೆ ಬೇಕಾಗಿರೋದು ಆ ಪಾಠ. ಯಾಕಂದರೆ ಯಾವ ದೇಶದವರನ್ನು ಕೇಳಿದರೂ ತಮ್ಮ ಯುದ್ಧ ನ್ಯಾಯದ್ದು ಅಂತಲೇ ಹೇಳುತ್ತಾರೆ.

ಉಕ್ರೇನ್ ಸರ್ಕಾರಕ್ಕೆ ಈ ಕೆಲಸ ಇಷ್ಟು ಬೇಗ ಹೇಗೆ ಕೈಗೆ ಬಂತು? ಯುದ್ಧಕ್ಕೆ ಎರಡು ವರ್ಷ ಮೊದಲೇ ಅಲ್ಲಿ ‘ದಿಯಾ’ ಅನ್ನುವ ಸರ್ಕಾರಿ ಆ್ಯಪ್ ಬಂದಿತ್ತು. ನಮ್ಮ ಡಿಜಿಲಾಕರ್ ಥರದ್ದು. ಗುರುತಿನ ಚೀಟಿ, ಡ್ರೈವಿಂಗ್ ಲೈಸೆನ್ಸ್ ಎಲ್ಲಾ ಅದರಲ್ಲೇ. ಅದನ್ನು ನಡೆಸುತ್ತಿದ್ದ ಡಿಜಿಟಲ್ ಸಚಿವ ಮಿಖಾಯ್ಲೊ ಫೆದೊರೊವ್ ಆಗ ಇನ್ನೂ 31ರ ಹರೆಯದವರು. ಫೆಬ್ರವರಿ 26ರಂದು ಅವರು ಟ್ವಿಟರ್‌ನಲ್ಲಿ ಎಲಾನ್ ಮಸ್ಕ್ ಅವರನ್ನು ಟ್ಯಾಗ್ ಮಾಡಿ, ನಮಗೆ ಉಪಗ್ರಹದ ಮೂಲಕ ಬರುವ ಸ್ಟಾರ್‌ಲಿಂಕ್ ಇಂಟರ್‌ನೆಟ್ ಕೊಡಿ ಅಂತ ಕೇಳಿದರು. ಅದೇ ದಿನ ಉತ್ತರ ಬಂತು, ಸೇವೆ ಶುರುವಾಗಿದೆ ಅಂತ. ಎರಡು ದಿನದಲ್ಲಿ ಯಂತ್ರಗಳೂ ಬಂದವು. ಒಂದು ದೇಶದ ಸಚಿವರು ಒಬ್ಬ ಉದ್ಯಮಿಯ ಹತ್ತಿರ ಇಡೀ ಲೋಕ ನೋಡುವಂತೆ ಕೇಳಿದರು, ಅವರೂ ಇಡೀ ಲೋಕ ನೋಡುವಂತೆ ಕೊಟ್ಟರು. ಹಿಂದೆ ಇಂಥದ್ದಕ್ಕೆ ರಾಯಭಾರಿಗಳು, ಪತ್ರಗಳು, ವಾರಗಟ್ಟಲೆ ಕಾಯುವಿಕೆ ಬೇಕಿತ್ತು. ಅದರ ಬೆಲೆ ಆಮೇಲೆ ಗೊತ್ತಾಯಿತು. ರಷ್ಯಾ ಹಿಡಿದಿದ್ದ ಕ್ರಿಮಿಯಾ ಹತ್ತಿರ ಸೇವೆ ಕೊಡಿ ಅಂತ ಉಕ್ರೇನ್ ಕೇಳಿದಾಗ ಆಗಲ್ಲ ಅಂದವರೂ ಅದೇ ಉದ್ಯಮಿ. ಆ ತೀರ್ಮಾನ ಮಾಡಲು ಅವರಿಗೆ ಯಾರೂ ಓಟು ಹಾಕಿರಲಿಲ್ಲ.

ಅದೇ ಫೆಬ್ರವರಿ 26ಕ್ಕೆ ಫೆದೊರೊವ್ ಇನ್ನೊಂದು ಕರೆ ಕೊಟ್ಟರು. ‘ಐಟಿ ಆರ್ಮಿ’ ಅಂತ ಒಂದು ಟೆಲಿಗ್ರಾಂ ಚಾನೆಲ್. ಟೆಲಿಗ್ರಾಂ ಅಂದರೆ ವಾಟ್ಸಾಪ್ ಥರದ ಆ್ಯಪ್. ರಷ್ಯಾದ ಇಂಥಿಂಥ ವೆಬ್‌ಸೈಟ್‌ಗಳ ಮೇಲೆ ದಾಳಿ ಮಾಡಿ ಅಂತ ಅಲ್ಲಿ ಪಟ್ಟಿ ಬರುತ್ತಿತ್ತು. ಯಾವ ದೇಶದವರಾದರೂ ಸೇರಬಹುದು. ಲಕ್ಷಗಟ್ಟಲೆ ಜನ ಸೇರಿದರು. ಮನೆಯಲ್ಲಿ ಕೂತ ಕಾಲೇಜು ಹುಡುಗ ಒಂದು ದೇಶದ ಯುದ್ಧಕ್ಕೆ ಕೈ ಹಾಕಿದ್ದ, ಸೈನಿಕ ಅಂತ ಎಲ್ಲೂ ದಾಖಲೆಯಾಗದೆ. ಮುಂದೆ 2023ರ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಕಾನೂನು ತಜ್ಞರು ಇಂಥ ಹ್ಯಾಕರ್‌ಗಳಿಗೆ ಎಂಟು ನಿಯಮಗಳನ್ನು ಬರೆದರು. ಆಸ್ಪತ್ರೆಗಳ ಮೇಲೆ ದಾಳಿ ಮಾಡಬೇಡಿ ಅನ್ನೋದು ಅದರಲ್ಲೊಂದು. ಹಾಗೆ ಬರೆದು ಹೇಳಬೇಕಾಗಿ ಬಂತು ಅನ್ನೋದೇ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತು ಅಂತ ತೋರಿಸುತ್ತೆ.

ಈಗ ನಾನು ಸ್ವಲ್ಪ ಹೊತ್ತು ನಿಲ್ಲಬೇಕು ಅಂದುಕೊಂಡಿರುವ ಜಾಗ. 2022ರ ಮಾರ್ಚ್‌ನಲ್ಲಿ ಅದೇ ಡಿಜಿಟಲ್ ಸಚಿವಾಲಯ ಟೆಲಿಗ್ರಾಂನಲ್ಲಿ, ಸಂದೇಶ ಕಳಿಸಿದರೆ ತಾನಾಗಿಯೇ ಉತ್ತರ ಕೊಡುವ ಒಂದು ಚಾಟ್‌ಬಾಟ್ ಬಿಟ್ಟಿತು. ಹೆಸರು ‘ಯೆ-ವೊರೊಗ್’, ಅಂದರೆ ‘ಶತ್ರು ಇದ್ದಾನೆ’. ನಿಮ್ಮ ಊರಿನಲ್ಲಿ ರಷ್ಯಾದ ಟ್ಯಾಂಕು, ಲಾರಿ, ಸೈನಿಕರು ಕಂಡರೆ ಫೋಟೊ ತೆಗೆದು, ಜಾಗ ಗುರುತಿಸಿ ಕಳಿಸಿ. ಸುಳ್ಳು ವರದಿ ಬರಬಾರದು ಅಂತ ಕಳಿಸುವವರ ಗುರುತನ್ನು ದಿಯಾ ಮೂಲಕ ಪರೀಕ್ಷೆ ಮಾಡುತ್ತಾರೆ. ನಮ್ಮಲ್ಲಿ ಜಾತಿ ಪ್ರಮಾಣಪತ್ರ ತೋರಿಸುವ ಆ್ಯಪಿನಿಂದಲೇ ಫಿರಂಗಿಗೆ ಗುರಿ ತೋರಿಸಿದ ಹಾಗೆ. ಲಕ್ಷಗಟ್ಟಲೆ ವರದಿಗಳು ಬಂದವು ಅಂತ ಸಚಿವಾಲಯವೇ ಹೇಳಿತು. ಸೇನೆಗೆ ಇದರಿಂದ ಉಪಯೋಗ ಆಗಿದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ಫೋಟೊ ಕಳಿಸಿದವರ ಸ್ಥಿತಿ ಯೋಚನೆ ಮಾಡಿ. ಅವರಿರೋದು ರಷ್ಯಾದ ಸೈನಿಕರು ಆಗಲೇ ಹಿಡಿದ ಊರಿನಲ್ಲಿ. ಹೊರಗೆ ಹೋಗಬೇಕಂದರೆ ಒಂದಾದ ಮೇಲೊಂದು ಚೆಕ್‌ಪೋಸ್ಟ್ ದಾಟಬೇಕು. ಪ್ರತಿ ಚೆಕ್‌ಪೋಸ್ಟ್‌ನಲ್ಲೂ ಮೊದಲು ಕೇಳೋದು ಫೋನು. ಗ್ಯಾಲರಿ ನೋಡುತ್ತಾರೆ, ಚಾಟ್ ನೋಡುತ್ತಾರೆ, ಅಳಿಸಿದ ಫೋಟೊಗಳ ಫೋಲ್ಡರನ್ನೂ ಬಿಡೋದಿಲ್ಲ. ಮಾರಿಯುಪೋಲ್ ಕಡೆಯಿಂದ ಹೊರಟವರನ್ನು ‘ಫಿಲ್ಟ್ರೇಷನ್’, ಅಂದರೆ ಜನರನ್ನು ಸೋಸುವ ತಪಾಸಣೆ, ಅಂತ ತಡೆದು, ಬೆರಳಚ್ಚು ತೆಗೆದುಕೊಂಡು, ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಇಳಿಸಿಕೊಂಡದ್ದನ್ನು ಮಾನವ ಹಕ್ಕು ಸಂಸ್ಥೆಗಳು ದಾಖಲೆ ಮಾಡಿವೆ. ಹಾಗಾಗಿ ಜನ ಮನೆ ಬಿಡುವ ಮುಂಚೆ ಕೂತು ಫೋನು ತೊಳೆಯುತ್ತಿದ್ದರು. ಬಾವುಟದ ಫೋಟೊ ಅಳಿಸು. ತಮ್ಮನ ಜೊತೆ ಆಡಿದ ಮಾತು ಅಳಿಸು. ಆ ಚಾನೆಲ್‌ನಿಂದ ಹೊರಗೆ ಬಾ. ಪೂರ್ತಿ ಖಾಲಿ ಮಾಡಿದರೂ ಅಪಾಯ, ಯಾಕೆ ಏನೂ ಇಲ್ಲ ಅಂತ ಕೇಳುತ್ತಾರೆ. ಮಕ್ಕಳ ಒಂದೆರಡು ಫೋಟೊ, ಅಡುಗೆಯ ವಿಡಿಯೊ, ಹೀಗೆ ಲೆಕ್ಕ ಹಾಕಿ ಉಳಿಸಬೇಕು.

ಯುದ್ಧದ ಕಾನೂನಿನಲ್ಲಿ ಸಾಮಾನ್ಯ ಜನರ ಮೇಲೆ ಗುಂಡು ಹಾರಿಸುವ ಹಾಗಿಲ್ಲ. ಆದರೆ ಆ ಜನ ನೇರವಾಗಿ ಹೋರಾಟದಲ್ಲಿ ಪಾಲ್ಗೊಂಡರೆ, ಪಾಲ್ಗೊಂಡಷ್ಟು ಹೊತ್ತು ಆ ರಕ್ಷಣೆ ಇರೋದಿಲ್ಲ. ಟ್ಯಾಂಕಿನ ಫೋಟೊ ಕಳಿಸಿದ ಅಜ್ಜಿ ಹೋರಾಟದಲ್ಲಿ ಪಾಲ್ಗೊಂಡ ಹಾಗಾ? ಕಾನೂನು ಬಲ್ಲವರೇ ಇದನ್ನು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ಬಟನ್ ಒತ್ತುವ ಮುಂಚೆ ಈ ಮಾತನ್ನು ಸರ್ಕಾರ ಅಜ್ಜಿಗೆ ಸ್ಪಷ್ಟವಾಗಿ ಹೇಳಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ದೇಶ ಉಳಿಸುವ ಆತುರದಲ್ಲಿ ಆ ಹೊಣೆ ಹಿಂದೆ ಬಿತ್ತು.

ಇನ್ನು ವೀರರ ಕಥೆಗಳು. ಮೊದಲ ದಿನವೇ ‘ಕೀವ್‌ನ ಭೂತ’ ಅಂತ ಒಬ್ಬ ಪೈಲಟ್ ಹುಟ್ಟಿಕೊಂಡ. ಒಬ್ಬನೇ ರಷ್ಯಾದ ಆರು ವಿಮಾನ ಹೊಡೆದ ಅಂತ. ಒಂದು ವಿಡಿಯೊ ಕೂಡ ಬಂತು. ಅದು ಕಂಪ್ಯೂಟರ್ ಗೇಮ್‌ನಲ್ಲಿ ಮಾಡಿದ್ದು. ಉಕ್ರೇನಿನ ಸರ್ಕಾರಿ ಖಾತೆಗಳೇ ಈ ಕಥೆಯನ್ನು ಹಂಚಿದವು. ಏಪ್ರಿಲ್ 30ಕ್ಕೆ ಅಲ್ಲಿನ ವಾಯುಪಡೆ ಹೇಳಿತು, ಈ ಭೂತ ಜನ ಕಟ್ಟಿದ ಕಥೆ, ನಮ್ಮ ಎಲ್ಲ ಪೈಲಟ್‌ಗಳು ಸೇರಿದರೆ ಅವನು ಅಂತ. ಎರಡು ತಿಂಗಳು ಬೇಕಾಯಿತು ಈ ಮಾತಿಗೆ.

ಹಾವಿನ ದ್ವೀಪದ ಕಥೆ ಇದಕ್ಕಿಂತ ನನ್ನನ್ನು ಕಾಡುತ್ತದೆ. ಕಪ್ಪು ಸಮುದ್ರದ ಆ ಪುಟ್ಟ ದ್ವೀಪದಲ್ಲಿದ್ದ ಗಡಿ ಕಾವಲುಗಾರರು, ಶರಣಾಗಿ ಅಂದ ರಷ್ಯಾದ ಯುದ್ಧನೌಕೆಗೆ ರೇಡಿಯೊದಲ್ಲಿ ಬೈಗುಳದ ಉತ್ತರ ಕೊಟ್ಟರು. ಆ ಆಡಿಯೊ ಲೋಕವೆಲ್ಲ ಸುತ್ತಿತು. ಹದಿಮೂರು ಜನರೂ ಸತ್ತರು, ಅವರಿಗೆ ಮರಣೋತ್ತರವಾಗಿ ‘ಉಕ್ರೇನಿನ ವೀರ’ ಬಿರುದು ಕೊಡುತ್ತೇವೆ ಅಂತ ಅಧ್ಯಕ್ಷರೇ ಘೋಷಿಸಿದರು. ಕೆಲವೇ ದಿನದಲ್ಲಿ ನೌಕಾಪಡೆ ತಿಳಿಸಿತು: ಅವರು ಬದುಕಿದ್ದಾರೆ, ರಷ್ಯಾದ ಸೆರೆಯಲ್ಲಿದ್ದಾರೆ. ಏಪ್ರಿಲ್ 12ಕ್ಕೆ ಆ ಬೈಗುಳದ ನೆನಪಿಗೆ ಅಂಚೆಚೀಟಿ ಬಂತು. ಕೀವ್‌ನ ದೊಡ್ಡ ಅಂಚೆಕಚೇರಿ ಮುಂದೆ ಉದ್ದದ ಸಾಲು. ಎರಡು ದಿನಕ್ಕೆ ಆ ನೌಕೆ ‘ಮಾಸ್ಕ್‌ವಾ’ ಮುಳುಗಿತು. ಯಾರಿಗೆ ತಾನೇ ಖುಷಿಯಾಗೋದಿಲ್ಲ?

ಆದರೆ ನಡುವಿನ ಆ ದಿನಗಳಲ್ಲಿ ಅವರ ಮನೆಯವರು ಹೇಗಿದ್ದಿರಬೇಕು? ಇಡೀ ಜಗತ್ತು ಹಂಚಿಕೊಂಡು ಸಂಭ್ರಮಿಸುತ್ತಿದ್ದ ಸಾವು ಅವರ ಮಗನದ್ದು. ಉಕ್ರೇನಿನ ಸರ್ಕಾರ ಬೇಕಂತಲೇ ಮೋಸ ಮಾಡಿತು ಅಂತ ನಾನು ಹೇಳುತ್ತಿಲ್ಲ. ದ್ವೀಪದ ಜೊತೆ ಸಂಪರ್ಕ ಕಡಿದಿತ್ತು, ಅವರು ಸತ್ತರೆಂದೇ ನಂಬಿದ್ದಿರಬಹುದು. ಖಚಿತ ಆಗುವವರೆಗೆ ಕಾಯೋಣ ಅನ್ನುವ ಅಭ್ಯಾಸ ಮೊದಲೆಲ್ಲ ಸೇನೆಗಳಿಗಿತ್ತು. ಜಾಲತಾಣದ ವೇಗಕ್ಕೆ ಸಿಕ್ಕಿದ ಸರ್ಕಾರ ಅದನ್ನು ಕಳೆದುಕೊಳ್ಳುತ್ತದೆ. ಒಳ್ಳೆಯ ಕಥೆ ಕೈಯಲ್ಲಿದ್ದಾಗ ಒಂದು ದಿನ ಸುಮ್ನೆ ಇರೋದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಇದಕ್ಕಿಂತ ಕಷ್ಟದ ವಿಷಯ ಸೆರೆಯಾಳುಗಳದ್ದು. ಯುದ್ಧದ ಮೊದಲ ವಾರದಲ್ಲೇ ಉಕ್ರೇನಿನ ಒಳಾಡಳಿತ ಸಚಿವಾಲಯ ಒಂದು ಟೆಲಿಗ್ರಾಂ ಚಾನೆಲ್ ಶುರು ಮಾಡಿತು. ನಿಮ್ಮವರನ್ನು ಹುಡುಕಿಕೊಳ್ಳಿ ಅಂತ ರಷ್ಯಾದ ತಾಯಂದಿರಿಗೆ ಹೇಳುವ ಚಾನೆಲ್. ಸತ್ತ ರಷ್ಯಾ ಸೈನಿಕರ ಫೋಟೊಗಳು, ಸೆರೆ ಸಿಕ್ಕ ಹುಡುಗರ ವಿಡಿಯೊಗಳು. ಹೆಸರು ಹೇಳು, ಊರು ಹೇಳು, ಅಪ್ಪ ಅಮ್ಮ ಯಾರು ಹೇಳು. ರಷ್ಯಾ ತನ್ನ ಸಾವುಗಳನ್ನು ಮುಚ್ಚಿಡುತ್ತಿತ್ತು, ಮಗ ಎಲ್ಲಿದ್ದಾನೆ ಅಂತ ಗೊತ್ತಿಲ್ಲದ ತಾಯಂದಿರು ನಿಜವಾಗಲೂ ಇದ್ದರು. ಹಾಗಾಗಿ ಇದು ಉಪಕಾರ ಅಂತ ಸಚಿವಾಲಯ ಹೇಳಿತು. ಮುಖ ಗುರುತಿಸುವ ತಂತ್ರಾಂಶವನ್ನು ‘ಕ್ಲಿಯರ್‌ವ್ಯೂ’ ಅನ್ನುವ ಅಮೆರಿಕದ ಕಂಪನಿ ಪುಕ್ಕಟೆ ಕೊಟ್ಟಿತು. ಹೆಣದ ಮುಖದ ಫೋಟೊ ಹಾಕಿದರೆ ಅದು ಆ ಹುಡುಗ ಬದುಕಿದ್ದಾಗ ಜಾಲತಾಣದಲ್ಲಿ ಹಾಕಿದ್ದ ಫೋಟೊ ಹುಡುಕಿ ಕೊಡುತ್ತದೆ. ಅಲ್ಲಿಂದ ಮನೆಯವರ ಖಾತೆ. ಅವರಿಗೆ ಸಂದೇಶ. ನೂರಾರು ಕುಟುಂಬಗಳಿಗೆ ಹೀಗೆ ಸುದ್ದಿ ಮುಟ್ಟಿದೆ.

ಆ ಸಂದೇಶ ತೆರೆದ ಒಬ್ಬ ತಾಯಿಯನ್ನು ನೆನೆಸಿಕೊಳ್ಳಿ. ಅಪರಿಚಿತ ಖಾತೆ, ಜೊತೆಗೆ ಮಗನ ಶವದ ಫೋಟೊ. ಅದನ್ನು ನಂಬಬೇಕಾ, ಶತ್ರುವಿನ ಆಟ ಅನ್ನಬೇಕಾ? ಸರ್ಕಾರದ ಹತ್ತಿರ ಕೇಳಿದರೆ ಅವರು ಬಾಯಿ ಬಿಡೋದಿಲ್ಲ. ಯುದ್ಧ ಬೇಡ ಅಂತ ಆಕೆ ಬೀದಿಗೆ ಬರಲಿ ಅನ್ನೋದು ಕಳಿಸಿದವರ ಆಸೆ. ಅಂಥ ಸಂದೇಶ ಸಿಕ್ಕವರಲ್ಲಿ ದ್ವೇಷ ಹೆಚ್ಚಾದವರೂ ಇರುತ್ತಾರೆ ಅನ್ನೋದನ್ನು ಊಹಿಸಲು ಜಾಸ್ತಿ ಬುದ್ಧಿ ಬೇಕಿಲ್ಲ.

1949ರ ಮೂರನೇ ಜಿನೀವಾ ಒಪ್ಪಂದದ 13ನೇ ವಿಧಿ ಹೇಳುವ ಪ್ರಕಾರ ಸೆರೆಯಾಳುಗಳನ್ನು ಅವಮಾನದಿಂದಲೂ ಜನರ ಕುತೂಹಲದಿಂದಲೂ ಕಾಪಾಡಬೇಕು. ಸೆರೆಯಾಳುಗಳನ್ನು ಬೀದಿಯಲ್ಲಿ ಮೆರವಣಿಗೆ ಮಾಡಿಸುತ್ತಿದ್ದ ಕಾಲ ನೋಡಿದವರು ಬರೆದ ವಿಧಿ ಅದು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರ ಮಾರ್ಚ್‌ನಲ್ಲೇ ಈ ವಿಡಿಯೊಗಳನ್ನು ನಿಲ್ಲಿಸಿ ಅಂತ ಉಕ್ರೇನಿಗೆ ಹೇಳಿತು. ರಷ್ಯಾ ಕೂಡ ಉಕ್ರೇನಿನ ಸೆರೆಯಾಳುಗಳ ವಿಡಿಯೊ ಮಾಡಿ ಬಿಟ್ಟಿದೆ, ಅವರಿಗೆ ಕೊಟ್ಟ ಹಿಂಸೆ ಇದಕ್ಕೆ ಹೋಲಿಸಲಾರದಷ್ಟು ದೊಡ್ಡದು. ಹಾಗಂತ ಇದು ಸರಿಯಾಗೋದಿಲ್ಲ. ಕೈ ಕಟ್ಟಿದ ಹತ್ತೊಂಬತ್ತು ವರ್ಷದ ಹುಡುಗನ ಮುಂದೆ ಕ್ಯಾಮೆರಾ ಹಿಡಿದು ಮಾತಾಡಿಸೋದು ತಪ್ಪು. ನಾವು ಅದನ್ನು ನೋಡಿ, ಕೆಳಗೆ ಕಾಮೆಂಟ್ ಬರೆಯೋದೂ ತಪ್ಪು.

ರಷ್ಯಾದ ದಾರಿ ಬೇರೆ. ಅಲ್ಲಿ ಮೊದಲು ಬಾಗಿಲು ಹಾಕಿದರು. 2022ರ ಮಾರ್ಚ್ 4ಕ್ಕೆ ಹೊಸ ಕಾನೂನು ಬಂತು. ಸೇನೆಯ ಬಗ್ಗೆ ‘ಸುಳ್ಳು ಮಾಹಿತಿ’ ಹಬ್ಬಿಸಿದರೆ 15 ವರ್ಷದವರೆಗೆ ಜೈಲು. ಯಾವುದು ಸುಳ್ಳು ಅಂತ ತೀರ್ಮಾನ ಮಾಡೋದು ಸರ್ಕಾರ. ಅದೇ ದಿನ ಫೇಸ್‌ಬುಕ್ ಬಂದ್, ಹತ್ತು ದಿನಕ್ಕೆ ಇನ್‌ಸ್ಟಾಗ್ರಾಂ ಬಂದ್. ಟೆಲಿಗ್ರಾಂ ಉಳಿಯಿತು. 2018ರಿಂದ ಎರಡು ವರ್ಷ ಅದನ್ನು ಮುಚ್ಚಲು ಹೋಗಿ ಸೋತಿದ್ದ ಸರ್ಕಾರ ಈಗ ಅದನ್ನೇ ಬಳಸಿಕೊಂಡಿತು. ಸಚಿವಾಲಯಗಳು, ರಾಜ್ಯಪಾಲರು, ಯುದ್ಧಭೂಮಿಯಿಂದ ಬರೆಯುವ ಬ್ಲಾಗರ್‌ಗಳು, ಎಲ್ಲರೂ ಅಲ್ಲಿಗೇ ಬಂದರು. ಈ ಬ್ಲಾಗರ್‌ಗಳು ಸೇನಾಧಿಕಾರಿಗಳನ್ನೂ ಬೈಯುತ್ತಿದ್ದರು. ಸರ್ಕಾರ ಸ್ವಲ್ಪ ಕಾಲ ಬಿಟ್ಟಿತು. 2023ರ ಜೂನ್‌ನಲ್ಲಿ ವಾಗ್ನರ್ ಅನ್ನುವ ಖಾಸಗಿ ಪಡೆಯ ಮುಖ್ಯಸ್ಥ ಪ್ರಿಗೋಝಿನ್ ಟೆಲಿಗ್ರಾಂನಲ್ಲಿ ಒಂದರ ಹಿಂದೆ ಒಂದು ಆಡಿಯೊ ಹಾಕುತ್ತಾ ಮಾಸ್ಕೋ ಕಡೆ ದಂಡು ಹೊರಡಿಸಿದ ಮೇಲೆ ಹಗ್ಗ ಬಿಗಿಯಾಯಿತು. ಮರುತಿಂಗಳೇ ಪುಟಿನ್ ಅವರನ್ನು ಟೀಕಿಸುತ್ತಿದ್ದ ಬ್ಲಾಗರ್ ಇಗೋರ್ ಗಿರ್ಕಿನ್ ಬಂಧನವಾಯಿತು. ಬಲವಂತವಾಗಿ ಸೇನೆಗೆ ಹೋದ ಗಂಡಂದಿರನ್ನು ವಾಪಸ್ ಕಳಿಸಿ ಅಂತ ಕೇಳುತ್ತಿದ್ದ ಹೆಂಗಸರ ಚಾನೆಲ್‌ಗೆ ವಿದೇಶಿ ಏಜೆಂಟ್ ಅನ್ನುವ ಹಣೆಪಟ್ಟಿ ಬಿತ್ತು.

ಹೊರಗಿನವರಿಗೆ ರಷ್ಯಾ ಹೇಳುವ ಸುಳ್ಳಿನ ರೀತಿಯೇ ಬೇರೆ. 2022ರ ಮಾರ್ಚ್ 9ಕ್ಕೆ ಮಾರಿಯುಪೋಲ್‌ನ ಹೆರಿಗೆ ಆಸ್ಪತ್ರೆ ಮೇಲೆ ಬಾಂಬು ಬಿತ್ತು. ಚುಕ್ಕೆ ಚುಕ್ಕೆ ಪೈಜಾಮ ಹಾಕಿಕೊಂಡು, ಹಣೆಯಲ್ಲಿ ರಕ್ತ, ಮೆಟ್ಟಿಲಿಳಿಯುತ್ತಿದ್ದ ಒಬ್ಬ ತುಂಬು ಗರ್ಭಿಣಿಯ ಫೋಟೊ ಎಲ್ಲೆಡೆ ಬಂತು. ಇನ್ನೊಬ್ಬಾಕೆಯನ್ನು ಸ್ಟ್ರೆಚರ್ ಮೇಲೆ ಹೊತ್ತು ಓಡುವ ಫೋಟೊ ಕೂಡ. ಮೊದಲನೆಯಾಕೆ ಸೌಂದರ್ಯದ ವಿಷಯ ಬರೆಯುವ ಬ್ಲಾಗರ್. ಲಂಡನ್‌ನಲ್ಲಿರುವ ರಷ್ಯಾದ ರಾಯಭಾರ ಕಚೇರಿ ಟ್ವೀಟ್ ಮಾಡಿತು: ಇದು ನಾಟಕ, ಮೇಕಪ್ ಚೆನ್ನಾಗಿದೆ, ಇಬ್ಬರೂ ಗರ್ಭಿಣಿಯರ ಪಾತ್ರ ಈಕೆಯದೇ. ಟ್ವಿಟರ್ ಅದನ್ನು ತೆಗೆದುಹಾಕಿತು. ಸ್ಟ್ರೆಚರ್ ಮೇಲಿದ್ದ ಹೆಂಗಸು ಮತ್ತು ಆಕೆಯ ಮಗು ಇಬ್ಬರೂ ಸತ್ತರು. ಬದುಕಿದ ತಾಯಿಗೆ ಹೆಣ್ಣು ಮಗು ಹುಟ್ಟಿತು, ಬಾಣಂತಿಯ ಇನ್‌ಸ್ಟಾಗ್ರಾಂ ಖಾತೆಗೆ ಬೈಗುಳಗಳು ಬಂದು ಬಿದ್ದವು. ಒಂದು ದೇಶದ ರಾಯಭಾರ ಕಚೇರಿ ಬೆರಳು ತೋರಿಸಿತು, ಉಳಿದ ಕೆಲಸವನ್ನು ಊರ ಜನ ಮಾಡಿದರು.

ಕೀವ್ ಹತ್ತಿರದ ಬುಚಾ ಊರಿನ ವಿಷಯದಲ್ಲೂ ಹೀಗೇ. ರಷ್ಯಾ ಸೇನೆ ಹಿಂದೆ ಸರಿದ ಮೇಲೆ ಯಾಬ್ಲುನ್ಸ್‌ಕಾ ಬೀದಿಯಲ್ಲಿ ಬಿದ್ದಿದ್ದ ಹೆಣಗಳ ಚಿತ್ರ ಏಪ್ರಿಲ್ ಮೊದಲ ವಾರ ಹೊರಗೆ ಬಂತು. ರಷ್ಯಾದ ರಕ್ಷಣಾ ಸಚಿವಾಲಯ ಟೆಲಿಗ್ರಾಂನಲ್ಲಿ ಬರೆಯಿತು, ನಾವಿದ್ದಾಗ ಒಬ್ಬರಿಗೂ ತೊಂದರೆಯಾಗಿಲ್ಲ, ಇದೆಲ್ಲ ಆಮೇಲೆ ಮಾಡಿದ ನಾಟಕ ಅಂತ. ಒಂದು ವಿಡಿಯೊದಲ್ಲಿ ಹೆಣದ ಕೈ ಅಲ್ಲಾಡಿತು ಅಂತಲೂ ಹಬ್ಬಿಸಿದರು. ಅದು ಕಾರಿನ ಗಾಜಿನ ಮೇಲಿದ್ದ ನೀರಹನಿ. ರಷ್ಯಾದವರು ಇನ್ನೂ ಆ ಊರಲ್ಲಿದ್ದ ಮಾರ್ಚ್ ಮಧ್ಯದಲ್ಲೇ ಹೆಣಗಳು ಅದೇ ಜಾಗದಲ್ಲಿ ಬಿದ್ದಿದ್ದವು ಅಂತ ಉಪಗ್ರಹದ ಚಿತ್ರಗಳು ತೋರಿಸಿದವು. ಆದರೆ ಅಷ್ಟು ಹೊತ್ತಿಗೆ ಲಕ್ಷಾಂತರ ಜನಕ್ಕೆ ‘ಯಾರನ್ನು ನಂಬೋದು ಬಿಡಿ’ ಅನ್ನಿಸಿಬಿಟ್ಟಿತ್ತು. ಅವರಿಗೆ ಬೇಕಾಗಿದ್ದೂ ಅದೇ. ನೀವು ರಷ್ಯಾವನ್ನು ನಂಬಬೇಕು ಅಂತೇನಿಲ್ಲ. ಯಾರನ್ನೂ ನಂಬದೆ ಸುಸ್ತಾಗಿ ಫೋನು ಕೆಳಗಿಟ್ಟರೆ ಸಾಕು.

ಈ ನಂಬಿಕೆ ಮುರಿದಾಗ ಮನೆಯೊಳಗೆ ಏನಾಗುತ್ತೆ? ಕೀವ್‌ನಲ್ಲಿ ಒಬ್ಬ ಹೋಟೆಲ್ ಮಾಲೀಕ. ಅವರ ಅಪ್ಪ ರಷ್ಯಾದ ನಿಜ್ನಿ ನೋವ್‌ಗೊರೊದ್ ಕಡೆ ಇದ್ದರು. ಯುದ್ಧ ಶುರುವಾಗಿ ನಾಲ್ಕು ದಿನವಾದರೂ ಅಪ್ಪನಿಂದ ಫೋನಿಲ್ಲ. ಮಗನೇ ಫೋನು ಮಾಡಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಡುತ್ತಿದ್ದೇವೆ, ಬಾಂಬು ಬೀಳುತ್ತಿದೆ ಅಂದರು. ಅಪ್ಪ ಇಲ್ಲ ಇಲ್ಲ ಅಂತ ವಾದ ಮಾಡಿದರು. ಟೀವಿಯಲ್ಲಿ ಹೇಳಿದ್ದನ್ನೇ ಮಗನಿಗೆ ಹೇಳಿದರು. ನಿಮ್ಮ ಸರ್ಕಾರ ನಾಜಿಗಳದ್ದು, ನಮ್ಮ ಸೈನಿಕರು ನಿಮ್ಮನ್ನು ಕಾಪಾಡಲು ಬಂದಿದ್ದಾರೆ, ಬೆಚ್ಚಗಿನ ಬಟ್ಟೆ ಊಟ ಕೊಡುತ್ತಿದ್ದಾರೆ ಅಂತ. ಬಾಂಬಿನ ಸದ್ದು ಕೇಳಿದ್ದು ಮಗ. ಆದರೂ ಅಪ್ಪನಿಗೆ ನಿಜ ಅನ್ನಿಸಿದ್ದು ಟೀವಿ. ಆ ಮಗ ಆಮೇಲೆ ಒಂದು ವೆಬ್‌ಸೈಟ್ ಮಾಡಿದರು, ರಷ್ಯಾದಲ್ಲಿರುವ ನೆಂಟರ ಜೊತೆ ಹೇಗೆ ಮಾತಾಡಬೇಕು ಅಂತ ಹೇಳಿಕೊಡಲು. ಕೋಪ ಮಾಡಿಕೊಳ್ಳಬೇಡಿ, ಇದೇ ಪ್ರಶ್ನೆ ಬರುತ್ತೆ, ಹೀಗೆ ಉತ್ತರಿಸಿ ಅಂತ. ಹೆತ್ತ ಅಪ್ಪನ ಜೊತೆ ಮಾತಾಡಲು ಕೈಪಿಡಿ ಬೇಕಾಯಿತು.

ರಷ್ಯಾದೊಳಗೆ ಇನ್ನೂ ಒಂದು ಹೆಜ್ಜೆ ಮುಂದೆ. ತೂಲ ಪ್ರಾಂತ್ಯದ ಒಂದು ಸಣ್ಣ ಊರಿನ ಶಾಲೆಯಲ್ಲಿ ಹುಡುಗಿಯೊಬ್ಬಳು ಡ್ರಾಯಿಂಗ್ ತರಗತಿಯಲ್ಲಿ ಯುದ್ಧ ಬೇಡ ಅನ್ನುವ ಚಿತ್ರ ಬರೆದಳು. ವಿಷಯ ಪೊಲೀಸರಿಗೆ ಹೋಯಿತು. ಅವರು ಅಪ್ಪನ ಜಾಲತಾಣದ ಖಾತೆ ತೆಗೆದು ನೋಡಿದರು. ಸೇನೆಯ ವಿರುದ್ಧ ಬರೆದ ಕಾಮೆಂಟುಗಳು ಸಿಕ್ಕವು. 2023ರ ಮಾರ್ಚ್‌ನಲ್ಲಿ ಅವನಿಗೆ 2 ವರ್ಷ ಜೈಲು ಶಿಕ್ಷೆ ಆಯಿತು. ಅಷ್ಟರಲ್ಲಿ ಮಗಳನ್ನು ಅವನಿಂದ ಬೇರೆ ಮಾಡಿ ಮಕ್ಕಳ ಆಶ್ರಯಕ್ಕೆ ಸೇರಿಸಿದ್ದರು. ಇಂಥ ಒಂದು ಪ್ರಕರಣ ಸಾಕು. ಅದರ ಸುದ್ದಿ ಓದಿದ ಪ್ರತಿ ಅಪ್ಪ ಅಮ್ಮ ಮಕ್ಕಳಿಗೆ ‘ಶಾಲೆಯಲ್ಲಿ ಬಾಯಿ ಮುಚ್ಚಿಕೊಂಡಿರು’ ಅಂತ ಹೇಳುತ್ತಾರೆ.

ಇದೆಲ್ಲ ದೂರದ ದೇಶದ್ದು, ನಮಗೇನು ಅಂತ ಅನ್ನಿಸಬಹುದು. ಆ ಮೊದಲ ವಾರ ಖಾರ್ಕಿವ್‌ನಲ್ಲಿ ನಮ್ಮ ಮಕ್ಕಳಿದ್ದರು. ಮೆಟ್ರೊ ಸ್ಟೇಷನ್ನಿನಿಂದ, ಬಂಕರಿನಿಂದ ಕನ್ನಡದಲ್ಲಿ ಮಾತಾಡಿ ಅವರು ಕಳಿಸಿದ ವಿಡಿಯೊಗಳನ್ನು ನಾವೆಲ್ಲ ನೋಡಿದ್ದೀವಿ. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಿನಸಿ ತರಲು ಹೋದಾಗ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ. ಮರುದಿನ ಭಾರತದ ರಾಯಭಾರ ಕಚೇರಿ, ಕೂಡಲೇ ಖಾರ್ಕಿವ್ ಬಿಡಿ, ಸಂಜೆ ಆರರೊಳಗೆ ಪಿಸೋಚಿನ್, ಬಾಬಾಯಿ, ಬೆಜ್ಲಿಯುದಿವ್ಕಾ ಸೇರಿಕೊಳ್ಳಿ, ನಡೆದಾದರೂ ಹೋಗಿ ಅಂತ ಟ್ವೀಟ್ ಮಾಡಿತು. ಮಕ್ಕಳಿಗೆ ಆ ಟ್ವೀಟೇ ದಾರಿ. ಅದೇ ಹೊತ್ತಿಗೆ ರಷ್ಯಾದ ರಕ್ಷಣಾ ಸಚಿವಾಲಯ, ಭಾರತದ ವಿದ್ಯಾರ್ಥಿಗಳನ್ನು ಉಕ್ರೇನ್ ಒತ್ತೆಯಾಳು ಮಾಡಿಕೊಂಡಿದೆ ಅಂದಿತು. ಉಕ್ರೇನ್ ಅದನ್ನು ಅಲ್ಲಗಳೆದು ರಷ್ಯಾದ ಮೇಲೆ ಹೇಳಿತು. ಅಂಥ ಯಾವ ವರದಿಯೂ ನಮಗೆ ಬಂದಿಲ್ಲ ಅಂತ ನಮ್ಮ ವಿದೇಶಾಂಗ ಸಚಿವಾಲಯ ಸ್ಪಷ್ಟವಾಗಿ ಹೇಳಬೇಕಾಯಿತು. ಹಸಿದು, ಹಿಮದಲ್ಲಿ ನಡೆಯುತ್ತಿದ್ದ ನಮ್ಮ ಮಕ್ಕಳು ಎರಡು ಸರ್ಕಾರಗಳ ಪ್ರಚಾರಕ್ಕೆ ಸಾಮಗ್ರಿಯಾದರು. ಇಲ್ಲಿ ಟೀವಿ ಮುಂದೆ ಕೂತಿದ್ದ ಅಪ್ಪ ಅಮ್ಮಂದಿರಿಗೆ ‘ಒತ್ತೆಯಾಳು’ ಅನ್ನುವ ಮಾತು ಕೇಳಿ ಏನಾಗಿರಬೇಡ? ನಮ್ಮವರೂ ಹಿಂದೆ ಬೀಳಲಿಲ್ಲ. ಭಾರತೀಯರಿಗಾಗಿ ರಷ್ಯಾ ಆರು ಗಂಟೆ ಯುದ್ಧ ನಿಲ್ಲಿಸಿತು ಅಂತ ಒಂದು ಸುದ್ದಿ ವಾಟ್ಸಾಪ್ ತುಂಬಾ ಓಡಾಡಿತು. ಅದು ಸರಿಯಲ್ಲ ಅಂತ ಸಚಿವಾಲಯದ ವಕ್ತಾರ ಅರಿಂದಮ್ ಬಾಗ್ಚಿ ಅವರೇ ಹೇಳಿದರು. ಆ ಮಾತು ಎಷ್ಟು ಜನಕ್ಕೆ ಮುಟ್ಟಿತು?

2025ರ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನದ ನಡುವೆ ಕಾದಾಟ ನಡೆದ ಆ ನಾಲ್ಕು ದಿನ ನಿಮಗೆಲ್ಲ ನೆನಪಿದೆ. ಕಂಪ್ಯೂಟರ್ ಗೇಮ್‌ನ ತುಣುಕುಗಳು ಗಡಿಯ ಎರಡೂ ಕಡೆ ಯುದ್ಧದ ದೃಶ್ಯ ಅಂತ ಹರಿದಾಡಿದವು. 8,000ಕ್ಕೂ ಜಾಸ್ತಿ ಖಾತೆಗಳನ್ನು ತಡೆಯಲು ಭಾರತ ಸರ್ಕಾರ ಆದೇಶಿಸಿದೆ ಅಂತ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಹೇಳಿತು. ಕದನ ವಿರಾಮ ಘೋಷಣೆಯಾದ ಮೇಲೆ ಆದದ್ದು ನನಗೆ ಜಾಸ್ತಿ ನೋವು ಕೊಟ್ಟಿತು. ಅಷ್ಟೂ ದಿನ ದೇಶದ ಪರವಾಗಿ ಮಾತಾಡಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅವರನ್ನು ನಮ್ಮ ಜನವೇ ಬೈದರು. ಅವರ ಮಗಳನ್ನೂ ಬಿಡಲಿಲ್ಲ. ಅವರು ತಮ್ಮ ಖಾತೆಗೆ ಬೀಗ ಹಾಕಿಕೊಂಡರು. ಯುದ್ಧದ ಕಾವಿಗೆ ಎಬ್ಬಿಸಿದ ಜನಕ್ಕೆ ಯುದ್ಧ ನಿಂತಿತು ಅಂತ ಹೇಳೋದು ಕಷ್ಟ. ಆ ಕಾವು ಸಿಕ್ಕವರ ಮೇಲೆ ಇಳಿಯುತ್ತದೆ.

ಸಭೆಯಲ್ಲಿ ಒಬ್ಬ ನಿವೃತ್ತ ಶಿಕ್ಷಕರು ಕೇಳಿದರು: ‘ಹಾಗಾದರೆ ದಾಳಿಗೆ ಒಳಗಾದ ಸರ್ಕಾರ ಜಾಲತಾಣದಲ್ಲಿ ಸುಮ್ಮನೆ ಕೂರಬೇಕಾ?’

ಖಂಡಿತ ಬೇಡ. ಉಕ್ರೇನಿನಲ್ಲಿ ವಾಯುದಾಳಿಯ ಎಚ್ಚರಿಕೆ ಜನಕ್ಕೆ ಮುಟ್ಟೋದು ಫೋನಿನಲ್ಲೇ. ಡ್ರೋನ್ ಯಾವ ಕಡೆಯಿಂದ ಬರುತ್ತಿದೆ ಅಂತ ಟೆಲಿಗ್ರಾಂ ಚಾನೆಲ್ ನೋಡಿ ಜನ ನೆಲಮಾಳಿಗೆಗೆ ಇಳಿಯುತ್ತಾರೆ. ಇದರಿಂದ ಜೀವ ಉಳಿದಿದೆ. 2022ರ ಮಾರ್ಚ್ 16ಕ್ಕೆ ಜೆಲೆನ್‌ಸ್ಕಿ ಶರಣಾಗಿ ಅನ್ನುವ ಡೀಪ್‌ಫೇಕ್, ಅಂದರೆ ಕಂಪ್ಯೂಟರ್‌ನಲ್ಲಿ ಸೃಷ್ಟಿಸಿದ ನಕಲಿ ವಿಡಿಯೊ, ಬಂದಾಗ ಅದು ಜನರನ್ನು ಮರುಳು ಮಾಡಲಿಲ್ಲ. ಇಂಥದ್ದು ಬರಬಹುದು ಅಂತ ಸರ್ಕಾರ ಮೊದಲೇ ಎಚ್ಚರಿಸಿತ್ತು, ಜೆಲೆನ್‌ಸ್ಕಿ ಕೂಡಲೇ ತಾವೇ ಬಂದು ಮಾತಾಡಿದರು. ಜನಕ್ಕೆ ಮೊದಲೇ ನಿಜ ಹೇಳಿದ್ದರ ಲಾಭ ಅದು. ನಾನು ಸರ್ಕಾರಗಳಿಂದ ಕೇಳೋದು ಇಷ್ಟೇ. ತಪ್ಪು ಸುದ್ದಿ ಹಂಚಿದ ಖಾತೆಯಿಂದಲೇ, ಅಷ್ಟೇ ಜೋರಾಗಿ ತಿದ್ದುಪಡಿಯೂ ಬರಲಿ. ಸೆರೆಯಾಳಿನ ಮುಖ ತೋರಿಸಬೇಡಿ. ಪ್ರಜೆಯನ್ನು ಬೇಹಿಗೆ ಹಚ್ಚುವ ಮುಂಚೆ ಅದರ ಅಪಾಯ ಹೇಳಿ. ಇನ್ನೊಂದು, ಪರರ ಆ್ಯಪ್ ನಂಬಿ ಮನೆ ಕಟ್ಟಬೇಡಿ. ಉಕ್ರೇನ್ 2024ರ ಸೆಪ್ಟೆಂಬರ್‌ನಲ್ಲಿ ಅಧಿಕಾರಿಗಳ, ಸೈನಿಕರ ಸರ್ಕಾರಿ ಫೋನುಗಳಲ್ಲಿ ಟೆಲಿಗ್ರಾಂ ಬಳಸಬಾರದು ಅಂತ ನಿರ್ಬಂಧ ಹಾಕಿತು. ಎರಡೂವರೆ ವರ್ಷ ಅದರ ಮೇಲೆಯೇ ನಿಂತಿದ್ದ ಮೇಲೆ.

ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ‘ಯುದ್ಧ ಮುಗಿದ ಮೇಲೆ ಜನ ಇದನ್ನೆಲ್ಲ ಮರೆಯೋದಿಲ್ವಾ?’

ಜನ ಮರೆತರೂ ಸರ್ವರ್ ಮರೆಯೋದಿಲ್ಲ. 2022ರ ನವೆಂಬರ್ 11ಕ್ಕೆ ಉಕ್ರೇನ್ ಸೇನೆ ಹೆರ್ಸೊನ್ ನಗರವನ್ನು ವಾಪಸ್ ಪಡೆಯಿತು. ಜನ ಅಪ್ಪಿಕೊಂಡು ಅತ್ತರು. ಅದರ ಹಿಂದೆಯೇ ಶತ್ರುವಿಗೆ ಸಹಕರಿಸಿದವರ ಹುಡುಕಾಟ ಶುರುವಾಯಿತು. ನಿಜವಾಗಿ ಹಿಂಸೆಗೆ ಕೈ ಜೋಡಿಸಿದವರು ಅದರಲ್ಲಿದ್ದರು, ಅವರ ವಿಚಾರಣೆ ಆಗಲೇಬೇಕು. ಆದರೆ ಕಾನೂನಿನ ಬಲೆ ತುಂಬಾ ಅಗಲ ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯೇ ಹೇಳಿದೆ. ಉಕ್ರೇನಿನಲ್ಲಿ ‘ಅದ್ನೊಕ್ಲಾಸ್ನಿಕಿ’ ಅನ್ನುವ ರಷ್ಯನ್ ಜಾಲತಾಣದಲ್ಲಿ ರಷ್ಯಾ ಪರ ಪೋಸ್ಟಿಗೆ ಲೈಕ್ ಒತ್ತಿದ್ದಕ್ಕೂ ಜನ ಕೋರ್ಟು ಹತ್ತಿದ್ದಾರೆ, ಶಿಕ್ಷೆ ಆಗಿದೆ. ಹಲವರನ್ನು ಜೈಲಿಗೆ ಕಳಿಸದೆ ನಿಗಾ ಮೇಲೆ ಬಿಟ್ಟಿದ್ದಾರೆ. ರಷ್ಯಾದ ಆ ಅಪ್ಪನ ಶಿಕ್ಷೆಗೂ ಇದಕ್ಕೂ ತೂಕದಲ್ಲಿ ವ್ಯತ್ಯಾಸ ಇದೆ, ಅದನ್ನು ಮರೆಸಬಾರದು. ಆದರೆ ಲೈಕ್ ಒತ್ತಿದವರೂ, ಅದನ್ನು ನೋಡಿದ ಅಕ್ಕಪಕ್ಕದವರೂ ನಾಳೆ ಅದೇ ಬೀದಿಯಲ್ಲಿ, ಅದೇ ಅಂಗಡಿಯಲ್ಲಿ ಎದುರುಬದುರಾಗಬೇಕು. ನೀನು ಕೇಳಿದ ಪ್ರಶ್ನೆಗೆ ಉತ್ತರ ಸಿಗೋದು ಅಲ್ಲಿನ ಜನ ಒಟ್ಟಿಗೆ ಬದುಕಲು ಶುರು ಮಾಡಿದ ಮೇಲೆ.